ಬಿಳಿಯುಡುಪಿನ ಇಬ್ಬರು

ನ್ಯೂಪೋರ್ಟ್, ರೋಡ್ ಐಲ್ಯಾಂಡ್
ಜೂನ್ 13, ಗುರುವಾರ

ನನ್ನ ಮುದ್ದು ತಂಗಿ ಥಿಯಾಗೆ,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಮುಂದೆ ಓದು. ನಿನ್ನ ಎರಡು ಕಾಗದಗಳೂ ನನ್ನ ಕೈಚೀಲದಲ್ಲೇ ಇವೆ, ಒಂದಕ್ಕೂ ಉತ್ತರ ಬರೆದಿಲ್ಲ. ಅಪ್ಪ ಕಟ್ಟಿದ ರಂಗದ ಮೇಲೆ ನೀನು ಹೊಸ ನಾಟಕ ಆಡಿಸಿದೆ. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯಲಿಲ್ಲ, ಒಂದು ಹೂಗೊಂಚಲನ್ನೂ ಕಳಿಸಲಿಲ್ಲ. ಯಾವ ಕೋರ್ಟಿಗೆ ಹೋದರೂ ನನಗೆ ಶಿಕ್ಷೆಯೇ. ಆದರೆ ಕಟಕಟೆಯಲ್ಲಿ ನಿಂತವಳಿಗೂ ಒಂದು ಮಾತು ಆಡಲು ಬಿಡುತ್ತಾರಲ್ಲ, ಅದನ್ನು ಕೇಳು.

ನಾನೀಗ ನ್ಯೂಪೋರ್ಟ್‌ನಲ್ಲಿದ್ದೇನೆ. ಎವರೆಟ್ ಈ ಚಳಿಗಾಲಕ್ಕೆ ಹಡಗಿನಿಂದ ಇಳಿಯುತ್ತಾನೆ, ಇಳಿದ ಮೇಲೆ ಇಲ್ಲಿನ ನೌಕಾಶಾಲೆಯಲ್ಲಿ ಪಾಠ ಹೇಳುವ ಕೆಲಸ. ನೆಲದ ಮೇಲಿನ ಕೆಲಸ, ಥಿಯಾ. ಸಂಜೆ ಮನೆಗೆ ಬಂದು ಬೂಟು ಬಿಚ್ಚುವ ಗಂಡ. ಮದುವೆಯಾದಾಗಿನಿಂದ ನಾನು ಕಾದಿದ್ದು ಇದೊಂದೇ ದೃಶ್ಯಕ್ಕೆ. ಅದಕ್ಕೇ ಮನೆ ನೋಡಲು ನಾನೊಬ್ಬಳೇ ನಾರ್ಫೋಕ್‌ನಿಂದ ಬಂದೆ. ಇಲ್ಲಿ ಮನೆಮನೆಯ ಬಾಗಿಲ ಪಕ್ಕದಲ್ಲೂ ಅದು ಯಾವ ಇಸವಿಯಲ್ಲಿ ಕಟ್ಟಿದ್ದು ಎಂದು ಹಲಗೆ ಹೊಡೆದಿರುತ್ತಾರೆ. "ಮನೆಗೆ ವಯಸ್ಸಾದಷ್ಟೂ ಬಾಡಿಗೆ ಜಾಸ್ತಿ, ನನಗೆ ವಯಸ್ಸಾದರೆ ಮಾತ್ರ ಯಾರೂ ಒಂದು ಕಾಸು ಜಾಸ್ತಿ ಕೊಡಲ್ಲ" ಎನ್ನುತ್ತಾಳೆ ಮಿಸೆಸ್ ಆಲ್ಮೇಡಾ. ನಾನು ಉಳಿದುಕೊಂಡಿರುವುದು ಅವಳ ಮನೆಯ ಮಹಡಿಯಲ್ಲಿ. ಅವಳ ಗಂಡ ನೌಕಾಪಡೆಯ ಅಡುಗೆಮನೆಯಲ್ಲಿ ದುಡಿದು ತೀರಿಕೊಂಡವನು. ಬಂದರಿಗೆ ಎರಡು ಬೀದಿ ಇತ್ತ ಕಡೆ ಈ ಮನೆ. ಮಂಜು ಕವಿದಾಗ ಊದುವ ಕೊಂಬು ನೇರ ನನ್ನ ದಿಂಬಿನೊಳಗೇ ಊದಿದ ಹಾಗೆ ಕೇಳುತ್ತದೆ.

ನಮ್ಮ ನಾಯಿ ಬಾಸನ್‌ನನ್ನು ಮಾರಿಸೋಲ್‌ಗೆ ಒಪ್ಪಿಸಿ ಬಂದಿದ್ದೇನೆ. ಅವಳ ಗಂಡ ದಾನಿಲೋ ಎವರೆಟ್‌ನ ಕೈಕೆಳಗೆ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವನು, ಒಂದೇ ಹಡಗು. ಕಳೆದ ಕ್ರಿಸ್‌ಮಸ್ ಊಟದಲ್ಲಿ ನಮ್ಮ ಮನೆಯ ಹುರಿದ ಹಂದಿಮಾಂಸವನ್ನು ಒಬ್ಬನೇ ಮುಗಿಸಿ, ಆಮೇಲೆ ಅಡುಗೆಮನೆಗೆ ಬಂದು ಕ್ಷಮೆ ಕೇಳಿದ ಹುಡುಗನ ಕಥೆ ಬರೆದಿದ್ದೆನಲ್ಲ, ಅವನೇ. ಮಾರಿಸೋಲ್‌ಗೆ ಇಪ್ಪತ್ತಮೂರು. ಇಬ್ಬರೂ ಫಿಲಿಪ್ಪೀನ್ಸ್ ಮೂಲದ ಮನೆತನದವರು. ಅವಳ ಬಾಯಲ್ಲಿ 'ಮೇಡಂ' ಬಿಡಿಸಿ 'ಅಕ್ಕ' ಅನ್ನಿಸಲು ನನಗೆ ಒಂದು ವರ್ಷ ಹಿಡಿಯಿತು. "ನಮ್ಮ ಮನೇಲಿ ಫ್ಯಾನ್ ಒಂದೇ ಇರೋದು ಅಕ್ಕ, ನಿಮ್ಮ ಮನೇಲಿ ಏಸಿ ಇದೆ. ನಾನು ನಾಯಿ ಕಾಯ್ತಿಲ್ಲ, ನಾಯಿ ನನಗೆ ಏಸಿ ಕೊಡಿಸ್ತಿದೆ" ಎಂದು ನಗುತ್ತಾ ಸೋಮವಾರವೇ ತನ್ನ ಬಟ್ಟೆಗಂಟು ತಂದುಬಿಟ್ಟಳು.

ಇಲ್ಲಿಗೆ ಮೊದಲ ಅಂಕ ಮುಗಿಯಿತು. ಈಗ ದೀಪ ಸ್ವಲ್ಪ ತಗ್ಗಿಸು.

ಮಂಗಳವಾರದಿಂದ ಹಡಗು ಮಾತಾಡುತ್ತಿಲ್ಲ.

ನಿನಗೆ ಇದು ಗೊತ್ತಿರಲಾರದು, ಹೇಳುತ್ತೇನೆ. ಹಡಗಿನಲ್ಲಿ ಯಾರಿಗಾದರೂ ಏನಾದರೂ ಆದರೆ ಮೊದಲು ಮಾಡುವ ಕೆಲಸ ಎಲ್ಲರ ಇಮೇಲು, ಎಲ್ಲರ ಫೋನು ಕತ್ತರಿಸುವುದು. ಸುದ್ದಿ ಆ ಒಂದು ಮನೆಗೆ ಫೋನಿನಲ್ಲಿ ಹೋಗಬಾರದು, ಬೇರೆ ಯಾರ ಬಾಯಿಂದಲೂ ಹೋಗಬಾರದು. ಇಬ್ಬರು ಪೂರ್ತಿ ಬಿಳಿ ಸಮವಸ್ತ್ರ ತೊಟ್ಟು, ಒಬ್ಬ ಅಧಿಕಾರಿ, ಒಬ್ಬ ಪಾದ್ರಿ, ಆ ಮನೆಯ ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಮುಖ ನೋಡಿ ಹೇಳಬೇಕು. ಅವರು ಹೇಳಿ ಮುಗಿಸುವ ತನಕ ಉಳಿದ ಮುನ್ನೂರು ಮನೆಗಳಿಗೂ ಒಂದು ಅಕ್ಷರ ಬರುವುದಿಲ್ಲ. ಆ ಒಂದು ಬಾಗಿಲು ತೆರೆದರೆ ಉಳಿದೆಲ್ಲ ಬಾಯಿಗಳೂ ತೆರೆಯುತ್ತವೆ. ಯಂತ್ರ ಕೆಟ್ಟೂ ಮೌನ ಬರಬಹುದು, ರಹಸ್ಯದ ಕೆಲಸವಿದ್ದರೂ ಬರಬಹುದು. ನಾವು ಹೆಂಡತಿಯರು ಹಗಲೆಲ್ಲ ಒಬ್ಬರಿಗೊಬ್ಬರು "ಯಂತ್ರ ಕೆಟ್ಟಿರಬೇಕು ಬಿಡು" ಅಂದುಕೊಳ್ಳುತ್ತೇವೆ, ಕಿಟಕಿಯ ಪರದೆ ಮಾತ್ರ ಒಂದು ಬೆರಳಷ್ಟು ಸರಿಸಿಯೇ ಇಟ್ಟಿರುತ್ತೇವೆ.

ನಿನ್ನೆ ಸಂಜೆ ಸ್ನಾನ ಮಾಡುತ್ತಿದ್ದಾಗ ನನಗೊಂದು ಯೋಚನೆ ಹೊಳೆಯಿತು. ಸೋಪು ಕೈಯಿಂದ ಜಾರಿ ಬಿತ್ತು. ಊರು ಬಿಟ್ಟು ಹೋಗುವಾಗ ನೌಕಾನೆಲೆಗೆ ವಿಳಾಸ ತಿಳಿಸಿ ಹೋಗಬೇಕು, ಇದು ನಮ್ಮ ಪದ್ಧತಿ. ನಾನು ತಿಳಿಸಿಲ್ಲ. ನಾಲ್ಕು ದಿನದ ಮಾತು ಎಂದು ಹಾಗೇ ಬಂದುಬಿಟ್ಟೆ. ಆ ಇಬ್ಬರು ನನ್ನನ್ನು ಹುಡುಕುತ್ತಿದ್ದರೆ? ಮುನ್ನೂರು ಮನೆಗಳ ಮೌನ ನನ್ನೊಬ್ಬಳ ಬಾಗಿಲು ಸಿಗದೆ ನಿಂತಿದ್ದರೆ?

ಮಿಸೆಸ್ ಆಲ್ಮೇಡಾ ಮರುವಾಯಿ ಚಿಪ್ಪಿನ ಸಾರು ಕಲಕುತ್ತಾ ಕೇಳಿಸಿಕೊಂಡು, "ಒಂದು ಫೋನ್ ಮಾಡಿ ಎಲ್ಲಿದೀನಿ ಅಂತ ಹೇಳಿದ್ರೆ ಆಯ್ತಲ್ಲ ತಾಯಿ, ಅದಕ್ಕೇನು ಬಾಯಿಗೆ ಬೀಗವಾ?" ಅಂದಳು. ನಂಬರು ಒತ್ತಿದೆ. ಆ ಕಡೆ ಗಂಟೆ ಹೊಡೆಯುವ ಮೊದಲೇ ಇಟ್ಟುಬಿಟ್ಟೆ. ಥಿಯಾ, ಅವರಿಗೆ ನಾನು ಸಿಗದಿರುವ ತನಕ ಎವರೆಟ್ ಬದುಕಿದ್ದಾನೆ. ಇದು ಹುಚ್ಚು ಎಂದು ನನಗೂ ಗೊತ್ತು. ಆದರೆ ನನ್ನ ಜಾಗದಲ್ಲಿ ನಿಂತು ಆ ಫೋನು ಎತ್ತು ನೋಡೋಣ.

ಕೊನೆಗೆ ಫೋನ್ ಮಾಡಿದ್ದು ಮಾರಿಸೋಲ್‌ಗೆ. ಅವಳ ಗಂಡನೂ ಅದೇ ಹಡಗಿನಲ್ಲಿದ್ದಾನಲ್ಲ, ಅವಳಿಗೂ ಮಂಗಳವಾರದಿಂದ ಅದೇ ಮೌನ. ಆದರೂ ಅವಳೇ ನನಗೆ ಧೈರ್ಯ ಹೇಳುತ್ತಿದ್ದಳು. ನಾನು ತಮಾಷೆಯ ದನಿಯಲ್ಲೇ ಅಂದೆ, "ನೋಡು, ಬಿಳಿ ಬಟ್ಟೆಯ ಇಬ್ಬರು ನಮ್ಮನೆ ಬಾಗಿಲಿಗೆ ಬಂದ್ರೆ ತೆಗೀಬೇಡ. ನಾನೆಲ್ಲಿದೀನಿ ಅಂತಲೂ ಹೇಳಬೇಡ."

"ಬಾಸನ್ನ ಬಿಟ್ಟು ಓಡಿಸ್ತೀನಿ ಬಿಡಿ ಅಕ್ಕ."

"ಅದು ಅಂಚೆಯವನ ಕೈ ನೆಕ್ಕೋ ನಾಯಿ ಕಣೇ."

"ಸರಿ, ನಾನೇ ಕಚ್ತೀನಿ," ಅಂದಳು. ಇಬ್ಬರೂ ನಕ್ಕೆವು. "ತೆಗೆಯಲ್ಲ ಅಕ್ಕ, ನಿಮ್ಮಾಣೆ," ಅಂದಳು ಕೊನೆಗೆ.

ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದು ನೀನು ಕೇಳುತ್ತೀಯ. ಫೋನ್ ಖಾಲಿ ಇಡಬೇಕು, ಅದಕ್ಕೆ. ಎವರೆಟ್ ಯಾವ ಗಳಿಗೆಯಲ್ಲಾದರೂ ಮಾಡಬಹುದು. ನೀನೂ ಮಾಡಬೇಡ. ಇನ್ನೊಂದು ವಿಷಯ: ಅಪ್ಪ ಹೋದಾಗ ನೀನು ಹೊಲಿದುಕೊಟ್ಟ ಕಪ್ಪು ಉಡುಪನ್ನು ನಾನು ಯಾವ ಊರಿಗೆ ಹೋದರೂ ಪೆಟ್ಟಿಗೆಯ ತಳದಲ್ಲಿಟ್ಟು ಒಯ್ಯುತ್ತಿದ್ದೆ. ಈ ಸಲ ಬೀರುವಿನಲ್ಲೇ ಬಿಟ್ಟು ಬಂದೆ. ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ನಿನ್ನ ರಂಗದ ದೀಪಗಳು ಬೆಳಗುತ್ತಿರಲಿ.

ನಿನ್ನ ಅಕ್ಕ,
ಕೊರಿನ್

---

ನ್ಯೂಪೋರ್ಟ್
ಜೂನ್ 15, ಶನಿವಾರ ಸಂಜೆ

ಪ್ರೀತಿಯ ಥಿಯಾ,

ಹಿಂದಿನ ಕಾಗದ ನಿನ್ನ ಕೈ ಸೇರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ತಡವಾಯಿತೆಂದು ಕ್ಷಮೆ ಕೇಳುವುದು ರೂಢಿ. ಈ ಸಲ ಆತುರಕ್ಕೆ ಕ್ಷಮೆ ಕೇಳುತ್ತೇನೆ. ಕಾಗದವನ್ನು ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಹೊಂದಿಸಿಕೊಂಡು ಓದಿಕೋ.

ಅವರು ಬಂದರು.

ಮಧ್ಯಾಹ್ನ. ನಾನು ಮಹಡಿಯ ಕಿಟಕಿಯಲ್ಲಿ ಕೂತು, ಬ್ರೋಕರು ಕೊಟ್ಟ ನೀಲಿ ಬಾಗಿಲ ಮನೆಯ ಚಿತ್ರ ನೋಡುತ್ತಿದ್ದೆ. ಬೀದಿಯ ತುದಿಯಲ್ಲಿ ಕಪ್ಪು ಕಾರೊಂದು ತಿರುಗಿತು. ಮೆಲ್ಲಗೆ, ಮನೆಯ ನಂಬರು ಹುಡುಕುವವರು ಬರುವಷ್ಟು ಮೆಲ್ಲಗೆ. ನಮ್ಮ ಗೇಟಿನ ಮುಂದೆ ನಿಂತಿತು. ಎರಡು ಬಾಗಿಲೂ ಒಟ್ಟಿಗೆ ತೆರೆದವು. ಇಬ್ಬರು ಇಳಿದರು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಕೋಟು, ಬಿಳಿ ಪ್ಯಾಂಟು, ಬಿಳಿ ಬೂಟು, ಬಿಳಿ ಕೈಗವಸು. ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಬಿಳಿ. ಎದುರು ಮನೆಯ ಹೆಂಗಸು ಗಿಡಕ್ಕೆ ನೀರು ಹಾಕುತ್ತಿದ್ದವಳು ಅವರನ್ನು ನೋಡಿದಳು, ನಮ್ಮ ಮನೆಯ ಕಡೆ ಒಮ್ಮೆ ನೋಡಿದಳು, ನಲ್ಲಿ ನಿಲ್ಲಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಥಿಯಾ, ನಾಟಕದಲ್ಲಿ ದುಃಖದ ಸುದ್ದಿ ಕೇಳಿದವಳು ಎದೆ ಹಿಡಿದುಕೊಂಡು ಹಿಂದಕ್ಕೆ ಎರಡು ಹೆಜ್ಜೆ ಇಡುತ್ತಾಳಲ್ಲ, ಅಪ್ಪ ನಮಗೆ ಅಷ್ಟು ಸಲ ಕಲಿಸಿದ್ದನಲ್ಲ, ಅದೆಲ್ಲ ಸುಳ್ಳು. ನಾನು ಎದ್ದು ಹಾಸಿಗೆಯ ಹೊದಿಕೆ ಸರಿ ಮಾಡಿದೆ. ನಾಲ್ಕೂ ಮೂಲೆ ಎಳೆದು ನೀಟಾಗಿ ಕೂರಿಸಿದೆ. ಆಮೇಲೆ ಮೆಟ್ಟಿಲ ತುದಿಗೆ ಬಂದು ಕಟಾಂಜನ ಹಿಡಿದು ನಿಂತೆ. ಕೆಳಗೆ ಬಾಗಿಲು ತಟ್ಟಿದ ಸದ್ದಾಯಿತು.

"ತೆಗೀಬೇಡಿ," ಅಂದೆ. ದನಿ ಹೊರಬರಲಿಲ್ಲ. ಎರಡು ಸಾವಿರ ಜನರ ಕೊನೆಯ ಸಾಲಿಗೂ ಕೇಳಿಸುತ್ತೆ ಎಂದು ಅಪ್ಪ ಹೊಗಳುತ್ತಿದ್ದ ದನಿ ಅದು.

ಮಿಸೆಸ್ ಆಲ್ಮೇಡಾ ಸೌಟು ಹಿಡಿದುಕೊಂಡೇ ಬಾಗಿಲು ತೆಗೆದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ನಮಸ್ಕಾರ ಅಮ್ಮ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ," ಎಂದಿತು ಒಂದು ದನಿ. ತೀರಾ ಎಳೆಯ ದನಿ. "ನಿಮ್ಮ ಮನೆ ಮುಂದೆ ಒಂದು ಗಂಟೆ ಕಾರು ನಿಲ್ಲಿಸ್ಕೋಬಹುದಾ? ಪಕ್ಕದ ಬೀದಿ ಚರ್ಚಲ್ಲಿ ನಮ್ಮ ಗೆಳೆಯನ ಮದುವೆ. ಮದುಮಕ್ಕಳ ತಲೆ ಮೇಲೆ ಕತ್ತಿ ಹಿಡಿದು ಕಮಾನು ಮಾಡೋದಕ್ಕೆ ನಾವಿಬ್ಬರು ಕಮ್ಮಿ ಬಿದ್ದಿದೀವಿ, ಎಲ್ಲೂ ಜಾಗ ಸಿಗ್ತಿಲ್ಲ."

ಅವಳು ಪಕ್ಕಕ್ಕೆ ಸರಿದಾಗ ನನ್ನ ಕಣ್ಣಿಗೆ ಅವರ ಸೊಂಟದ ಕತ್ತಿಗಳು ಕಂಡವು. ಸಾವಿನ ಸುದ್ದಿ ತರುವವರು ಕತ್ತಿ ಕಟ್ಟಿಕೊಂಡು ಬರುವುದಿಲ್ಲ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೂತಲ್ಲಿಂದ ಕೇಳಿದ ಭಾಷಣವನ್ನು ನೀನು ನಿನ್ನ ರಂಗದ ಮೇಲೆ ಆಡಿಸಬೇಕು.

"ಯಾವ ಊರು ನಿಮ್ಮದು?" ಎಂದು ಶುರು ಮಾಡಿದಳು ಮಿಸೆಸ್ ಆಲ್ಮೇಡಾ. "ನೌಕಾಪಡೆಗೆ ಸೇರಿದೀರ, ಇಬ್ಬಿಬ್ಬರು ಬಿಳಿ ಹಾಕ್ಕೊಂಡು ಹೆಂಗಸರ ಮನೆ ಮೆಟ್ಟಿಲು ಹತ್ತಬಾರದು ಅಂತ ಯಾರೂ ಹೇಳಿಕೊಡಲಿಲ್ವಾ? ಸಂತೋಷಕ್ಕೆ ಬಂದವನು ಗೇಟಲ್ಲೇ ನಿಂತು, ಟೋಪಿ ತೆಗೆದು, 'ಅಮ್ಮಾ, ಒಳ್ಳೇದಕ್ಕೇ ಬಂದಿದೀನಿ' ಅಂತ ಕೂಗಬೇಕು. ನನ್ನ ಗಂಡನ ಕಾಲದಿಂದ ಈ ಬೀದಿಯಲ್ಲಿ ಅದೇ ನಡ್ಕೊಂಡು ಬಂದಿದೆ. ಮೇಲಿರೋ ಹೆಂಗಸಿನ ಜೀವ ಅರ್ಧ ಹೋಯ್ತು. ತಗೋ, ಸೌಟಲ್ಲಿ ತುಂಬಿಕೊಡ್ತೀಯಾ ವಾಪಸ್?"

ಹುಡುಗರ ಮುಖ ಅವರ ಕೋಟಿನಷ್ಟೇ ಬೆಳ್ಳಗಾಯಿತು. ಒಬ್ಬ ಟೋಪಿ ತೆಗೆದು ನನ್ನತ್ತ ನೋಡಿ, "ಮೇಡಂ, ನಮಗೆ ಹೊಳೀಲೇ ಇಲ್ಲ," ಎಂದು ನಿಂತೇ ಇದ್ದ. ಅವನಿಗೆ ಅಳು ಬಂದಿತ್ತು. ಕೊನೆಗೆ ನಾನೇ ಇಳಿದು ಹೋಗಿ, "ಹೋಗ್ರಪ್ಪ, ಮದುವೆ ಹೆಣ್ಣು ಕಾಯ್ತಾ ಇರ್ತಾಳೆ," ಎಂದು ಕಳಿಸಿದೆ. ಹೋಗುವಾಗ ಇಬ್ಬರೂ ಗೇಟಿನ ಆಚೆ ನಿಂತು ಟೋಪಿ ಎತ್ತಿ ತೋರಿಸಿ ಹೋದರು.

ಮಿಸೆಸ್ ಆಲ್ಮೇಡಾ ಬಾಗಿಲು ಮುಚ್ಚಿದವಳೇ ನನ್ನ ಕಡೆ ತಿರುಗಿದಳು. "ಈಗ ನಿನಗೆ. ಎಷ್ಟು ದಿನ ಹೀಗೆ ಬಚ್ಚಿಟ್ಕೊಂಡಿರ್ತೀಯ? ನಿನ್ನ ಗಂಡನ ಹಡಗಿಗೆ ನಿನ್ನಂಥ ಹೆಂಡತಿಯರು ಮುನ್ನೂರು ಜನ ಇದಾರೆ ಅಂತ ನೀನೇ ಅಂದೆ. ನಿನಗೋಸ್ಕರ ಅವರೆಲ್ಲ ಉಸಿರು ಬಿಗಿ ಹಿಡ್ಕೊಂಡು ಕೂತಿದ್ರೆ?"

ಈ ಮಾತು ಚುಚ್ಚಿತು. ಎವರೆಟ್ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದ. ಆದರೂ ಮೊದಲು ಮಾರಿಸೋಲ್‌ಗೆ ಫೋನ್ ಮಾಡಿ, ಧೈರ್ಯಕ್ಕೆ ಆ ಮದುವೆ ಹುಡುಗರ ಕಥೆಯನ್ನು ದನಿ ಬದಲಿಸಿ ಬದಲಿಸಿ ಆಡಿ ತೋರಿಸಿದೆ. ಸೌಟಿನ ಜಾಗಕ್ಕೆ ಬಂದರೂ ಅವಳು ನಗಲಿಲ್ಲ. ಎಂಥ ಸಪ್ಪೆ ಜೋಕಿಗೂ ನಗುವ ಹುಡುಗಿ.

"ಊಟ ಮಾಡಿದ್ರಾ ಅಕ್ಕ?" ಅಂದಳು.

"ಸಂಜೆಯಾಗ್ತಾ ಬಂತು, ಈಗೆಂಥ ಊಟ? ಕಥೆ ಕೇಳಿಸ್ತಾ ನಿನಗೆ?"

"ಕೇಳಿಸ್ತು. ಅಕ್ಕ, ನೀವು ಇನ್ನೊಂದೆರಡು ದಿನ ಅಲ್ಲೇ ಇರಿ. ಇಲ್ಲಿ ಬಿಸಿಲು ಜಾಸ್ತಿ. ಸಮುದ್ರದ ಹತ್ರ ನಡ್ಕೊಂಡು ಹೋಗಿ ಬನ್ನಿ. ಏನಾದ್ರೂ ಸಿಹಿ ತಿನ್ನಿ."

"ಬಾಸನ್ ಯಾಕೆ ಬೊಗಳ್ತಿದೆ?"

ಅವಳು ನಾಯಿಯನ್ನು ಗದರಿಸಿ, "ಅಂಚೆಯವನು," ಅಂದಳು.

ಪಾಪ, ದಾನಿಲೋ ಚಿಂತೆ ಅವಳನ್ನೂ ತಿನ್ನುತ್ತಿದೆ. ಹೆದರಿದವಳು ನಾನೊಬ್ಬಳೇ ಎಂಬಂತೆ ಇಡೀ ವಾರ ಅವಳ ಹೆಗಲ ಮೇಲೆ ಬಿದ್ದಿದ್ದೇನಲ್ಲ ಎನಿಸಿತು. ಇವಳ ಸಲುವಾಗಿಯಾದರೂ ಮೌನ ಮುರಿಯಲಿ ಎಂದು ಗಟ್ಟಿ ಮನಸ್ಸು ಮಾಡಿ ನೌಕಾನೆಲೆಗೆ ಫೋನ್ ಹಚ್ಚಿದೆ.

ಹೆಸರು ಹೇಳಿದೆ, ಹಡಗು ಹೇಳಿದೆ, ಇಲ್ಲಿನ ವಿಳಾಸ ಹೇಳಿದೆ. ಆ ಕಡೆಯ ಗಂಡಸು, "ಬರ್ಕೊಂಡೆ ಮೇಡಂ. ನಾರ್ಫೋಕ್ ಮನೇಲಿ ಈಗ ಯಾರಾದ್ರೂ ಇದ್ದಾರಾ?" ಎಂದು ಕೇಳಿದ.

"ಮಾರಿಸೋಲ್ ಅಂತ. ನಾಯಿ ನೋಡ್ಕೊಳ್ತಿದ್ದಾಳೆ. ದಾನಿಲೋ ಅಂತ ಇದಾನಲ್ಲ ಎಂಜಿನ್ ಕೋಣೇಲಿ, ಅವನ ಹೆಂಡತಿ. ಸೋಮವಾರದಿಂದ ನಮ್ಮನೇಲೇ ಇದಾಳೆ."

"ಒಂದು ನಿಮಿಷ ಇರಿ ಮೇಡಂ."

ಫೋನಿನ ಮೇಲೆ ಕೈ ಮುಚ್ಚಿದ ಸದ್ದು. ಒಳಗೆ ಯಾರೊಂದಿಗೋ ಮಾತು. ಥಿಯಾ, ಆ ನಿಮಿಷದಲ್ಲಿ ನಾನು ಗಂಡನನ್ನು ಕಳೆದುಕೊಂಡೆ, ಅವನ ಅಂಗಿಗಳನ್ನು ಮಡಿಚಿ ಪೆಟ್ಟಿಗೆಗೆ ತುಂಬಿದೆ, ನೀಲಿ ಬಾಗಿಲ ಮನೆ ಬೇಡವೆಂದು ಬ್ರೋಕರಿಗೆ ಹೇಳಿದೆ, ನಿನ್ನ ಮನೆಯ ಅಟ್ಟದ ಕೋಣೆಗೆ ಬಂದು ಮಲಗಿದೆ. ಆಮೇಲೆ ಅವನು ಮತ್ತೆ ಬಂದು, "ಸರಿ ಮೇಡಂ. ಫೋನ್ ಮಾಡಿದ್ದು ತುಂಬಾ ಒಳ್ಳೇದಾಯ್ತು," ಅಂದ. ಅಷ್ಟೇ. ಬೇರೆ ಏನೂ ಇಲ್ಲ. ಆ ದನಿಯಲ್ಲಿದ್ದ ಮೆದುತನವನ್ನು ಈಗಲೂ ಹೊರಳಿಸಿ ಹೊರಳಿಸಿ ನೋಡುತ್ತಿದ್ದೇನೆ. ಗುಮಾಸ್ತರು ಅಷ್ಟು ಮೆತ್ತಗೆ ಮಾತಾಡುವುದಿಲ್ಲ.

ಈಗ ಒಳ್ಳೆಯ ಲಂಗ, ಇಸ್ತ್ರಿ ಮಾಡಿದ ರವಿಕೆ ತೊಟ್ಟು, ತಲೆ ಬಾಚಿಕೊಂಡು ಕೆಳಗಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿಜವಾದ ಇಬ್ಬರು ಬಂದರೆ ಈ ಸಲ ನಾನೇ ಬಾಗಿಲು ತೆಗೆಯುತ್ತೇನೆ. ಮಿಸೆಸ್ ಆಲ್ಮೇಡಾ ಸಿಹಿ ಬ್ರೆಡ್ಡು ತಂದು ಪಕ್ಕದಲ್ಲಿಟ್ಟು, ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಪಕ್ಕದ ಬೀದಿಯ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದಾರೆ. ಮದುವೆಯಾಯಿತು ಅಂತ ಕಾಣುತ್ತದೆ.

ನನಗಾಗಿ ಏನನ್ನಾದರೂ ಬೇಡಿಕೋ. ಯಾರನ್ನು, ಏನೆಂದು ಬೇಡಬೇಕೋ ನನಗೆ ತಿಳಿಯುತ್ತಿಲ್ಲ. ಆ ಸುದ್ದಿ ನನ್ನ ಮನೆ ಬಿಟ್ಟು ಹೋಗಲಿ ಅಂದರೆ, ಇನ್ನೊಬ್ಬಳ ಮನೆಗೆ ಹೋಗು ಎಂದು ಹೇಳಿದ ಹಾಗಲ್ಲವೇ?

ನಿನ್ನ
ಕೊರಿನ್

---

ನಾರ್ಫೋಕ್, ವರ್ಜೀನಿಯಾ
ಜೂನ್ 19, ಬುಧವಾರ

ಥಿಯಾ, ನನ್ನ ತಂಗಿ,

ಮೂರು ದಿನ ಸುಮ್ಮನಿದ್ದು ನಿನ್ನನ್ನು ಹೆದರಿಸಿದ್ದಕ್ಕೆ ಕ್ಷಮಿಸು. ಮೊದಲ ಸಾಲಿನಲ್ಲೇ ಹೇಳುತ್ತೇನೆ: ಎವರೆಟ್ ಕ್ಷೇಮ.

ಶನಿವಾರ ಕತ್ತಲಾಗುವ ಮೊದಲೇ ಅವನ ಇಮೇಲ್ ಬಂತು. ನಾನು ಮೆಟ್ಟಿಲ ಮೇಲೇ ಕೂತಿದ್ದೆ, ಬ್ರೆಡ್ಡು ಅರ್ಧ ಮುಗಿದಿತ್ತು. "ನಾನು ಚೆನ್ನಾಗಿದ್ದೇನೆ. ಕೈಗೆ ಸ್ವಲ್ಪ ಸುಟ್ಟಿದೆ, ಹೆದರಬೇಡ. ಉಳಿದದ್ದು ಆಮೇಲೆ ಬರೆಯುತ್ತೇನೆ. ಬಾಸನ್‌ಗೆ ಸ್ನಾನ ಮಾಡಿಸು." ಅಷ್ಟೇ ಇತ್ತು. ಓದಿ ಮುಗಿಸುವಷ್ಟರಲ್ಲಿ ನಾನೂ ಮಿಸೆಸ್ ಆಲ್ಮೇಡಾಳೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅಡುಗೆಮನೆಯಲ್ಲಿ ಸುತ್ತು ಹಾಕುತ್ತಿದ್ದೆವು. ಆ ವಯಸ್ಸಿನಲ್ಲಿ ಅವಳಿಗೆ ಅಷ್ಟು ಕಾಲ್ಚಳಕ ಇದೆಯೆಂದು ಗೊತ್ತಿರಲಿಲ್ಲ. ಕುಣಿದೆ ಥಿಯಾ. ಜೋರಾಗಿ ನಕ್ಕೆ. ಅದನ್ನೂ ಹೇಳಿಬಿಡುತ್ತೇನೆ.

ನೀಲಿ ಬಾಗಿಲ ಮನೆಗೆ ಮುಂಗಡ ಕೊಟ್ಟಾಯಿತು. ಹಿತ್ತಲಲ್ಲಿ ಸೇಬಿನ ಮರ ಇದೆ, ಮೇಲಿನ ಕೋಣೆಯಿಂದ ಸೇತುವೆ ಕಾಣುತ್ತದೆ. ಅಡುಗೆಮನೆ ಚಿಕ್ಕದು, ಇಬ್ಬರು ನಿಂತರೆ ಮೂರನೆಯವರು ಅನುಮತಿ ಕೇಳಿ ಬರಬೇಕು. ಶರತ್ಕಾಲದಲ್ಲಿ ನೀನು ಬಂದು ಪರದೆಗಳ ಅಳತೆ ತೆಗೆದುಕೋ. ನಿನ್ನ ನಾಟಕ ಎರಡನೆಯ ವಾರಕ್ಕೂ ಓಡುತ್ತಿದೆ ಎಂದು ಕೇಳಿ ಸಂತೋಷವಾಯಿತು. ಆ ಮುದುಕನ ಪಾತ್ರದವನಿಗೆ ಗಡ್ಡ ಸರಿಯಾಗಿ ಅಂಟಿಸು, ಹಿಂದಿನ ಸಲದಂತೆ ಸಾಯುವ ದೃಶ್ಯದಲ್ಲಿ ಉದುರೀತು.

ಭಾನುವಾರ ಮುಂಜಾನೆಯ ಬಸ್ಸಿಗೇ ಹೊರಟು ಬಂದೆ. ಮಿಸೆಸ್ ಆಲ್ಮೇಡಾ ಎರಡು ಬ್ರೆಡ್ಡು ಕಟ್ಟಿಕೊಟ್ಟಳು, ಒಂದು ನನಗೆ, ಒಂದು ಮಾರಿಸೋಲ್‌ಗೆ.

ನಿನ್ನ ಮನೆಯವರೆಲ್ಲ ಆರೋಗ್ಯವಾಗಿರಲಿ. ನಿನ್ನ ಬಾಗಿಲು ತಟ್ಟುವವರು ಒಳ್ಳೆಯದನ್ನೇ ತರಲಿ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನನ್ನ ಕಂದ.

ನಿನ್ನ ಅಕ್ಕ,
ಕೊರಿನ್

ಮರೆತ ಮಾತು: ಮರೆತಿಲ್ಲ ಥಿಯಾ. ಮೇಲೆ ಬರೆಯಲು ಕೈ ಬರಲಿಲ್ಲ.

ಎಂಜಿನ್ ಕೋಣೆಯಲ್ಲಿ ಮಂಗಳವಾರ ಬೆಂಕಿ ಹತ್ತಿತ್ತು. ಹೋದವನು ದಾನಿಲೋ.

ಹೋದ ತಿಂಗಳು ಅವರು ಮನೆ ಬದಲಿಸಿದ್ದರು, ನೌಕಾನೆಲೆಯ ಕಾಗದಗಳಲ್ಲಿ ಹಳೆಯ ಮನೆಯೇ ಇತ್ತು. ಆ ಇಬ್ಬರು ಹಳೆಯ ಮನೆಗೆ ಹೋದರು, ಹೊಸದಕ್ಕೆ ಹೋದರು, ಎರಡೂ ಕಡೆ ಅವಳಿಲ್ಲ. ಚೀಫ್ ಎಂಜಿನಿಯರ್ ಎವರೆಟ್ ಮನೆಯ ನಾಯಿ ನೋಡಿಕೊಳ್ಳುತ್ತಾಳಂತೆ ಎಂದು ಯಾರೋ ಹೇಳಿದರಂತೆ. ಶುಕ್ರವಾರ ನಮ್ಮ ಬಾಗಿಲು ತಟ್ಟಿದರು. ಮಾರಿಸೋಲ್ ಪರದೆಯ ಸಂದಿಯಿಂದ ನೋಡಿದಳು. ನನ್ನ ಮನೆ, ನನ್ನ ಬಾಗಿಲು, ಹಲಗೆಯ ಮೇಲೆ ನನ್ನ ಗಂಡನ ಹೆಸರು. ಬಂದವರು ನನಗಾಗಿಯೇ ಬಂದಿದ್ದಾರೆ ಎಂದುಕೊಂಡಳು. ಬೇರೆ ಏನು ಅಂದುಕೊಳ್ಳಬೇಕಿತ್ತು ಅವಳು? ನಾಯಿಯ ಮೂತಿಯನ್ನು ಕೈಯಲ್ಲಿ ಅದುಮಿ ಹಿಡಿದು, ಅಡುಗೆಮನೆಯ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತಳಂತೆ. ಅವರು ಬಹಳ ಹೊತ್ತು ತಟ್ಟಿ ಹೋದರು. ಬಾಗಿಲು ತೆಗೆಯಬೇಡ ಎಂದು ನಾನು ಹೇಳಿದ್ದೆನಲ್ಲ. ನನ್ನಾಣೆ ಹಾಕಿದ್ದಳಲ್ಲ.

ಆಮೇಲೆ ನನಗಾಗಿ ಅತ್ತಳು. ನನ್ನ ಬೀರು ತೆಗೆದು, ನೀನು ಹೊಲಿದ ಆ ಕಪ್ಪು ಉಡುಪನ್ನು ಹುಡುಕಿ, ಇಸ್ತ್ರಿ ಮಾಡಿ, ಬಂದ ಕೂಡಲೇ ಕೈಗೆ ಸಿಗಲಿ ಎಂದು ಬೀರುವಿನ ಹೊರಗೆ ತೂಗುಹಾಕಿದಳು. ಶನಿವಾರ ನಾನು ಮದುವೆ ಹುಡುಗರ ಕಥೆ ಆಡಿ ತೋರಿಸುತ್ತಿದ್ದಾಗ ಅವಳ ಕಣ್ಣೆದುರಿಗೆ ಆ ಉಡುಪೇ ಇತ್ತಂತೆ. ಇನ್ನೊಂದೆರಡು ದಿನ ಅಲ್ಲೇ ಇರಿ, ಏನಾದರೂ ಸಿಹಿ ತಿನ್ನಿ ಅಂದಿದ್ದು ಅದಕ್ಕೆ. ಶುಕ್ರವಾರದಿಂದ ಬಾಸನ್ ಬೀದಿಯ ಕಾರಿಗೆಲ್ಲ ಬೊಗಳುತ್ತಿತ್ತಂತೆ, ಅಂಚೆಯವನು ಅಂದದ್ದು ಸುಳ್ಳು.

ಆಮೇಲೆ ನಾನು ನೌಕಾನೆಲೆಗೆ ಫೋನ್ ಮಾಡಿದೆ. ಅವಳು ನಮ್ಮನೆಯಲ್ಲೇ ಇದ್ದಾಳೆ ಎಂದು ನಾನೇ ಹೇಳಿದೆ. ಒಂದು ನಿಮಿಷ ಇರಿ ಮೇಡಂ ಅಂದನಲ್ಲ ಅವನು.

ಅವರು ಮತ್ತೆ ಬಂದರು. ಈ ಸಲ ಪಾದ್ರಿ ಕಿಟಕಿಯ ಹತ್ತಿರ ಬಂದು, ಒಳಗೆ ನೀವಿದ್ದೀರೆಂದು ನಮಗೆ ಗೊತ್ತು ಎಂದು ಕರೆದ. ಇನ್ನು ಅಡಗಿ ಪ್ರಯೋಜನವಿಲ್ಲ ಎಂದು ಅವಳು ಬಾಗಿಲು ತೆಗೆದು, ಅವರು ಬಾಯಿ ತೆರೆಯುವ ಮೊದಲೇ ಹೇಳಿದಳಂತೆ: "ಕೊರಿನ್ ಅಕ್ಕ ಇಲ್ಲಿಲ್ಲ, ನ್ಯೂಪೋರ್ಟಲ್ಲಿದ್ದಾರೆ. ಒಬ್ಬರೇ ಇದಾರೆ, ದಯವಿಟ್ಟು ಮೆತ್ತಗೆ ಹೇಳಿ."

ಪಾದ್ರಿ ಟೋಪಿ ತೆಗೆದು ಅವಳ ಪೂರ್ತಿ ಹೆಸರು ಹೇಳಿದ.

ನಾನು ಕುಣಿದದ್ದು ಅದಾದ ಮೇಲೆ. ಆ ಬಾಗಿಲು ತೆರೆಯಿತು ಎಂದೇ ಎವರೆಟ್‌ನ ಇಮೇಲ್ ಬಂತು.

ಭಾನುವಾರ ನಾನು ಬಂದಾಗ ಮುಂಬಾಗಿಲು ಅಗಲವಾಗಿ ತೆರೆದಿತ್ತು. ಬಾಸನ್‌ನ ನೀರಿನ ತಟ್ಟೆಯನ್ನು ಅಡ್ಡ ಇಟ್ಟಿದ್ದಳು, ಮುಚ್ಚಿಕೊಳ್ಳದಿರಲಿ ಎಂದು. ನನ್ನನ್ನು ನೋಡಿ, "ಏಸಿ ಹಾಳಾಗುತ್ತೆ ಅಂತ ಬೈಬೇಡಿ ಅಕ್ಕ, ಬಾಗಿಲು ಮುಚ್ಚಬೇಡಿ," ಅಂದಳು. ಇವತ್ತಿಗೂ ಮುಚ್ಚಿಲ್ಲ. ಬಿಸಿಲು, ನೊಣ ಎಲ್ಲ ಒಳಗೇ ಬರುತ್ತಿವೆ. ಎಲ್ಲೋ ಕಾರು ನಿಂತ ಸದ್ದಾದರೆ ಎದ್ದು ಹೊಸ್ತಿಲವರೆಗೆ ಹೋಗಿ ನೋಡಿ ಬರುತ್ತಾಳೆ. ಏನು ನೋಡುತ್ತಾಳೆಂದು ನಾನು ಕೇಳಿಲ್ಲ. ನಿನ್ನೆ ಒಂದೇ ಒಂದು ಸಲ, "ಶುಕ್ರವಾರ ತೆಗೀದೇ ಇದ್ದದ್ದು ಒಳ್ಳೇದಾಯ್ತಲ್ವಾ ಅಕ್ಕ? ದಾನಿಲೋ ಶನಿವಾರದ ತನಕ ಇದ್ದ," ಅಂದಳು.

ಈ ಶನಿವಾರ ಚರ್ಚಿನಲ್ಲಿ ಪ್ರಾರ್ಥನೆ. ಅವಳ ಹತ್ತಿರ ಕಪ್ಪು ಬಟ್ಟೆಯಿಲ್ಲ. ಇಸ್ತ್ರಿ ಮಾಡಿ ಇಟ್ಟಿದ್ದ ಉಡುಪನ್ನೇ ತೊಡಿಸಿ ನೋಡಿದೆ. ಸೊಂಟ ಸರಿಯಾಗಿದೆ, ತೋಳು ಮತ್ತು ಅಂಚು ಉದ್ದವಾಗಿ ನೇತಾಡುತ್ತವೆ. ದೊಡ್ಡವರ ವೇಷ ತೊಟ್ಟ ಮಗುವಿನಂತೆ ಕನ್ನಡಿಯ ಮುಂದೆ ಕೈ ಎತ್ತಿ ನಿಂತಿದ್ದಾಳೆ. ಎರಡು ಸಲ ಮಡಿಚಿ ಹೊಲಿದೆ, ಎರಡು ಸಲ ಬಿಚ್ಚಿದೆ. ಕಪ್ಪು ಬಟ್ಟೆಯ ಮೇಲೆ ಹೊಲಿಗೆ ಎದ್ದು ಕಾಣುತ್ತದೆ. ಒಬ್ಬರ ವೇಷವನ್ನು ಇನ್ನೊಬ್ಬರಿಗೆ ಹೊಂದಿಸುವಾಗ, ಮುಂದಿನ ಸಾಲಿನವರಿಗೂ ಕಾಣದ ಹಾಗೆ ನೀನು ಹಾಕುತ್ತಿದ್ದೆಯಲ್ಲ, ಅದು ಯಾವ ಹೊಲಿಗೆ? ಸೂಜಿ ಎಲ್ಲಿಂದ ಎತ್ತಬೇಕು?

ಉತ್ತರ ಬರೆಯಬೇಡ, ತಡವಾಗುತ್ತದೆ. ಈ ಸಲ ಫೋನ್ ಮಾಡು. ಫೋನ್ ಈಗ ಖಾಲಿ ಇದೆ.